ಕರುಳಿನ ಹೊಲಿಗೆಯೂ ವೃದ್ಧಿಕಾರಕಗಳೂ: ಒಂದು ಐತಿಹಾಸಿಕ ಸಮೀಕ್ಷೆ

ಕರುಳಿನ ರೋಗಗ್ರಸ್ತ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಹೊಲಿದು ಸೇರಿಸುವುದು ಇಂದಿನ ಶಸ್ತ್ರವೈದ್ಯರಿಗೆ ಪರಿಚಿತವಾದ ಕಾರ್ಯ. ಆದರೆ ಆ ಕೂಡಿಕೆ ಬಿಟ್ಟುಕೊಂಡರೆ ಮಲವು ಉದರದೊಳಕ್ಕೆ ಸೋರಿ ರೋಗಿಯ ಪ್ರಾಣಕ್ಕೇ ಸಂಚಕಾರ ಒದಗುತ್ತದೆ. ಆದಕಾರಣ, ಕರುಳನ್ನು ಕೂಡಿಸುವುದು ದಾರವೋ ದೇಹವೋ ಎಂಬುದು ಬರಿಯ ಪಂಡಿತರ ಜಿಜ್ಞಾಸೆಯಲ್ಲ. ಈ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ರಂಧ್ರಬಿದ್ದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ, ಅವುಗಳ ಮುಂಡವನ್ನು ಬೇರ್ಪಡಿಸಿ, ತಲೆಯನ್ನು ಮಾತ್ರ ಅಲ್ಲಿ ಉಳಿಸುವ ವಿಧಾನವನ್ನು ಹೇಳಿದೆ. ಇರುವೆಯ ತಲೆ ಅಂಚುಗಳನ್ನು ಕೆಲವು ಕಾಲ ಹಿಡಿದಿಡುವ ಸಾಧನ. ಬೆಸುಗೆಯ ಕೆಲಸ ದೇಹಕ್ಕೇ ಸೇರಿದ್ದು.

ದೇಹದ ಈ ಕೆಲಸವನ್ನು ಪ್ರಯೋಗದಿಂದ ಅರಿಯುವ ಯತ್ನ ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಗೊಂಡಿತು. ಕರುಳಿನ ಗಾಯಗಳನ್ನು ಪ್ರಕೃತಿಯು ಸರಿಪಡಿಸುವ ಬಗೆಯನ್ನು ಕುರಿತು ಇಂಗ್ಲೆಂಡಿನ ಬೆಂಜಮಿನ್ ಟ್ರಾವರ್ಸ್ 1812ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಕತ್ತರಿಸಿದ ತುದಿಗಳು ಸುತ್ತಲೂ ಒಂದನ್ನೊಂದು ಮುಟ್ಟಿಕೊಂಡಿರಬೇಕೆಂಬುದು ಅವನ ಪ್ರತಿಪಾದನೆ. 1826ರಲ್ಲಿ ಫ್ರಾನ್ಸಿನ ಆಂತ್ವಾನ್ ಲೆಂಬೆರ್, ಹೊರಪೊರೆಗೆ ಹೊರಪೊರೆ ತಾಗುವಂತೆ ಹೊಲಿಯಬೇಕೆಂದು ತೋರಿಸಿಕೊಟ್ಟನು. 1887ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ನಾಯಿಗಳ ಮೇಲಿನ ಪ್ರಯೋಗಗಳ ಆಧಾರದಿಂದ, ಹೊಲಿಗೆಯನ್ನು ಬಿಗಿಯಾಗಿ ಹಿಡಿಯುವುದು ಒಳಗಿನ ಲೋಳೆಪೊರೆಯ ಅಡಿಯಲ್ಲಿರುವ ನಾರುಪದರವೆಂದು ನಿರೂಪಿಸಿದನು. ಹೀಗೆ ಶೋಧಕರ ದೃಷ್ಟಿ ದಾರದಿಂದ ಪದರಕ್ಕೆ ಇಳಿಯಿತು.

ಆ ನಾರುಪದರದ ಬಲಕ್ಕೆ ಮುಖ್ಯ ಕಾರಣ ಕೊಲಾಜನ್ ಎಂಬ ಪ್ರೋಟೀನು. ಶಸ್ತ್ರಕ್ರಿಯೆಯಾದ ಮೊದಲ ಕೆಲವು ದಿನಗಳಲ್ಲಿ, ಗಾಯದ ಅಂಚಿನಲ್ಲಿ ಹಳೆಯ ಕೊಲಾಜನ್ ಕರಗುವ ವೇಗ ಹೊಸದು ಹುಟ್ಟುವ ವೇಗವನ್ನು ಮೀರುತ್ತದೆ. ಆದ್ದರಿಂದಲೇ ಕೂಡಿಕೆಯ ಬಲ ಮೊದಲು ಕುಗ್ಗಿ ಆಮೇಲೆ ಏರುತ್ತದೆ. ಆ ದುರ್ಬಲ ದಿನಗಳಲ್ಲಿ ಭಾರ ಹೊರುವುದು ಹೊಲಿಗೆ. ಈ ಅವಧಿಯನ್ನು ಮೊಟಕುಗೊಳಿಸಲಾದೀತೆ ಎಂಬ ಆಸೆಗೆ ಇಪ್ಪತ್ತನೆಯ ಶತಮಾನದ ಜೀವರಸಾಯನಶಾಸ್ತ್ರ ಆಧಾರ ಒದಗಿಸಿತು. ಇಲಿಮರಿಗಳಿಗೆ ಲಾಲಾಗ್ರಂಥಿಯ ಸಾರವನ್ನು ಚುಚ್ಚಿದಾಗ ಅವು ಕಾಲಕ್ಕೆ ಮುಂಚೆಯೇ ಕಣ್ಣು ತೆರೆದುದನ್ನು ಕಂಡ ಸ್ಟ್ಯಾನ್ಲಿ ಕೋಹೆನ್, ಅದಕ್ಕೆ ಕಾರಣವಾದ ಪ್ರೋಟೀನನ್ನು ಬೇರ್ಪಡಿಸಿ 1962ರಲ್ಲಿ ವರದಿಮಾಡಿದರು. ಮೇಲ್ಪೊರೆಯ ಜೀವಕೋಶಗಳನ್ನು ವೃದ್ಧಿಗೊಳಿಸುವ ವಸ್ತು ಇದು. ನರಗಳ ವೃದ್ಧಿಕಾರಕವನ್ನು ಕಂಡುಹಿಡಿದ ರೀಟಾ ಲೆವಿ-ಮೊಂತಾಲ್ಚೀನಿಯವರೊಡನೆ ಅವರಿಗೆ 1986ರ ನೊಬೆಲ್ ಪಾರಿತೋಷಕ ದೊರೆಯಿತು. ಗಾಯವಾದೆಡೆ ಹೆಪ್ಪುಗಟ್ಟುವ ರಕ್ತದ ಪ್ಲೇಟ್‌ಲೆಟ್‌ಗಳೂ ಇಂಥದೊಂದು ವೃದ್ಧಿಕಾರಕವನ್ನು ಹೊರಸೂಸುತ್ತವೆಂಬುದಕ್ಕೆ ರಸೆಲ್ ರಾಸ್ ಮತ್ತು ಸಂಗಡಿಗರು 1974ರಲ್ಲಿ ದಾರಿ ತೋರಿದರು.

ಇಂಥ ವಸ್ತುಗಳನ್ನು ಕೊಟ್ಟಾಗ ಕರುಳಿನ ಕೂಡಿಕೆ ಬೇಗ ಬಲಗೊಂಡುದು ಇಲಿಗಳ ಮೇಲಿನ ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಗಿದ್ದರೂ ಮನುಷ್ಯರಲ್ಲಿ ಇದು ರೂಢಿಯ ಚಿಕಿತ್ಸೆಯಾಗಿಲ್ಲ. ಇದಕ್ಕೆ ಒಂದು ಗಹನವಾದ ಕಾರಣವುಂಟು. ದೊಡ್ಡ ಕರುಳನ್ನು ಕತ್ತರಿಸುವ ಸಂದರ್ಭಗಳಲ್ಲಿ ಅನೇಕವು ಕ್ಯಾನ್ಸರಿನವು; ಜೀವಕೋಶಗಳಿಗೆ ಬೆಳೆಯೆಂದು ಹೇಳುವ ವಸ್ತುವು, ಅಡಗಿ ಉಳಿದಿರಬಹುದಾದ ಕ್ಯಾನ್ಸರಿನ ಕೋಶಕ್ಕೂ ಅದನ್ನೇ ಹೇಳೀತು. ಈ ಶಂಕೆ ನಿರಾಧಾರವಲ್ಲ. ಕರುಳಿನ ಬಹುಭಾಗವನ್ನು ಕಳೆದುಕೊಂಡವರಿಗಾಗಿ, ಲೋಳೆಪೊರೆಯನ್ನು ಬೆಳೆಸುವ ಹಾರ್ಮೋನನ್ನು ಹೋಲುವ ಟೆಡುಗ್ಲುಟೈಡ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆತಾಗ, ವಯಸ್ಕರಲ್ಲಿ ಮೊದಲು ದೊಡ್ಡ ಕರುಳನ್ನು ಪರೀಕ್ಷಿಸಿ ಗಂಟುಗಳಿದ್ದರೆ ತೆಗೆಯಬೇಕೆಂಬ ಸೂಚನೆಯೂ ಜೊತೆಗಿತ್ತು.

ಈ ಚರಿತ್ರೆಯಿಂದ ನಮಗೆ ತೋರುವುದಿಷ್ಟು. ಇರುವೆಯಿಂದ ದಾರಕ್ಕೆ, ದಾರದಿಂದ ಪದರಕ್ಕೆ, ಪದರದಿಂದ ಅಣುವಿಗೆ ಜ್ಞಾನವು ಸೂಕ್ಷ್ಮವಾಗುತ್ತ ಬಂದಿದೆ. ಇರುವೆಯಾಗಲಿ ದಾರವಾಗಲಿ ಇಟ್ಟ ಎಡೆಯಲ್ಲೇ ಉಳಿದು ಕೆಲಸಮಾಡುತ್ತವೆ; ವೃದ್ಧಿಕಾರಕವು ಕೋಶಕೋಶಕ್ಕೂ ಅಪ್ಪಣೆ ಕೊಡುತ್ತದೆ. ಆ ಅಪ್ಪಣೆಯನ್ನು ಗಾಯದ ಅಂಚಿಗೆ ಮಾತ್ರ, ಬೇಕಾದಷ್ಟು ದಿನ ಮಾತ್ರ ತಲುಪಿಸುವ ಬಗೆ ಯಾವುದು ಎಂಬುದೇ ಮುಂದಿನ ಸಂಶೋಧಕರು ಬಿಡಿಸಬೇಕಾದ ಪ್ರಶ್ನೆ.