ಹವ್ಯಾಸಿಗಳ ಗಣಕದಲ್ಲಿ ಕನ್ನಡದ ಒತ್ತಕ್ಷರ

1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾವೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಇತರ ಗಣಕಾಸಕ್ತರಿಗೆ ತಿಳಿಸಿದರು. ಅದು ಬರಿಯ ಹವ್ಯಾಸ, ದೊಡ್ಡದೇನೂ ಆಗಲಾರದು ಎಂಬ ವಿನಯವೂ ಆ ಮಾತಿನಲ್ಲಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡ್ ಸಂಕೇತಪದ್ಧತಿಯ ಮೊದಲ ಆವೃತ್ತಿ ಪ್ರಕಟವಾಯಿತು. ಅದರಲ್ಲಿ ಕನ್ನಡ ಲಿಪಿಗೂ ಸ್ಥಾನ ದೊರೆತಿತ್ತು. ಈ ಎರಡೂ ಘಟನೆಗಳು ನನ್ನ ಪಾಲಿಗೆ ಒಂದುಗೂಡಿದ್ದು ಹದಿನೈದು ವರ್ಷಗಳ ಬಳಿಕ, ಡೊಂಬಿವಲಿಯ ನಮ್ಮ ಮನೆಯ ಮೇಜಿನ ಮೇಲೆ.

ಟೊರ್ವಾಲ್ಡ್ಸ್ ಬರೆದದ್ದು ವ್ಯವಸ್ಥೆಯ ತಿರುಳನ್ನು ಮಾತ್ರ. ಅದಕ್ಕೆ ಬೇಕಾದ ಉಪಕರಣಗಳಲ್ಲಿ ಬಹುಪಾಲು, ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಬಂದವು. ಸಾಮಾನ್ಯ ಬಳಕೆದಾರನಿಗೆ ಬೇಕಾದ ಕಿಟಕಿ, ಪಟ್ಟಿ, ಚಿತ್ರಗಳ ಪರದೆಗಾಗಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ 1996ರಲ್ಲಿ ಕೆಡಿಇ ಯೋಜನೆಯನ್ನು ಆರಂಭಿಸಿದರು. ಅದು ಆಧರಿಸಿದ್ದ ಕ್ಯೂಟಿ ಎಂಬ ತಂತ್ರಾಂಶದ ಪರವಾನಗಿ ಆಗ ಪೂರ್ಣ ಮುಕ್ತವಾಗಿರಲಿಲ್ಲ. ಆ ಕೊರತೆಯನ್ನು ನೀಗಲೆಂದು ಮೆಕ್ಸಿಕೊದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೆನಾ 1997ರಲ್ಲಿ ಗ್ನೋಮ್ ಯೋಜನೆಗೆ ಕೈಹಾಕಿದರು.

2004ರ ಅಕ್ಟೋಬರಿನಲ್ಲಿ ಉಬುಂಟು ಹೊರಬಂದಿತು. ಕೇಳಿದವರಿಗೆ ಅದರ ಸಿಡಿಯನ್ನು ಅಂಚೆಯ ಮೂಲಕ ಉಚಿತವಾಗಿ ಕಳುಹಿಸುತ್ತಿದ್ದರು. 2006ರಲ್ಲಿ ನನಗೂ ಒಂದು ಬಂದಿತು. ಗಣಕದಲ್ಲಿ ಅಳವಡಿಸದೆ, ಸಿಡಿಯಿಂದಲೇ ನಡೆಸಿ ನೋಡಬಹುದಾದುದರಿಂದ ಧೈರ್ಯ ಮಾಡಿದೆ. ಮೊದಲು ತೆರೆದದ್ದು ತಂದೆಯವರ ಆತ್ಮಕಥನದ ಕಡತ. ಅವರು ತೀರಿಕೊಳ್ಳುವ ಮುನ್ನ ಎರಡು ವರ್ಷ ಕುಳಿತು ಬೆರಳಚ್ಚಿಸಿದ್ದ ಬರಹವದು. ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಿತ್ತು.

ಹೊಸ ವ್ಯವಸ್ಥೆ ಕಡತವನ್ನು ಕೆಡಿಸಿತೆಂದು ಮೊದಲು ಭಾವಿಸಿದೆ. ನಿಜವಾಗಿ ಅದು ಕಡತದಲ್ಲಿದ್ದುದನ್ನೇ ತೋರಿಸಿತ್ತು. ಆ ಕಾಲದ ಅನೇಕ ಕನ್ನಡ ಫಾಂಟ್‌ಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದವು. ಫಾಂಟ್ ಇಲ್ಲದೆಡೆ ಕನ್ನಡವೂ ಇಲ್ಲ. ತಂದೆಯವರ ಬದುಕಿನ ಕಥೆ ಒಂದು ಫಾಂಟಿನ ಆಯುಸ್ಸಿಗೆ ಕಟ್ಟುಬಿದ್ದಿತ್ತು.

ಯೂನಿಕೋಡ್ ಇಡುವುದು ಆಕಾರವನ್ನಲ್ಲ, ಅಕ್ಷರವನ್ನು. ‘ಸ್ತ್ರೀ’ ಎಂಬುದು ಅಲ್ಲಿ ಸ, ತ, ರ, ಅವುಗಳ ನಡುವಿನ ಎರಡು ವಿರಾಮಚಿಹ್ನೆ ಮತ್ತು ಕೊನೆಯ ದೀರ್ಘಸ್ವರದ ಗುರುತು, ಹೀಗೆ ಆರು ಸಂಕೇತಗಳ ಸಾಲು. ಅದನ್ನು ಒಂದೇ ಅಕ್ಷರವಾಗಿ ಜೋಡಿಸಿ ಬಿಡಿಸುವ ಕೆಲಸ ಬೇರೆಯೇ. ಗ್ನೋಮ್‌ನಲ್ಲಿ ಅದನ್ನು ಮಾಡುತ್ತಿದ್ದುದು ಪ್ಯಾಂಗೊ. ಗ್ರೀಕಿನ ‘ಎಲ್ಲ’ ಎಂಬರ್ಥದ ಪದಕ್ಕೆ ಜಪಾನಿಯ ‘ಭಾಷೆ’ಯನ್ನು ಸೇರಿಸಿ ಅದಕ್ಕೆ ಹೆಸರಿಟ್ಟಿದ್ದರು. ಮುಂದೆ ಇದೇ ಹೊಣೆಯನ್ನು ಹೊತ್ತ ಹಾರ್ಫ್‌ಬಜ್ ಇಂದು ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್‌ಗಳಲ್ಲಿಯೂ ಇದೆ. ಮಾರುಕಟ್ಟೆ ಚಿಕ್ಕದೆಂದು ಕೈಬಿಡಬಹುದಾಗಿದ್ದ ಲಿಪಿಗಳೂ ಅದರಲ್ಲಿ ಸೇರಿವೆ. ಆಕರ ತೆರೆದಿದ್ದುದರಿಂದ ಬೇಕಾದವರು ತಮ್ಮ ಲಿಪಿಯ ದೋಷವನ್ನು ತಾವೇ ತಿದ್ದಬಹುದಾಗಿತ್ತು.

ಹಳೆಯ ಕಡತವನ್ನು ಪರಿವರ್ತಿಸುವುದು ಸುಲಭವಾಗಿರಲಿಲ್ಲ. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು ಕಾಣುವಂತೆ ಯಕಾರದ ನಂತರ ಇಡುತ್ತಿತ್ತು. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು. ಯಂತ್ರ ತಪ್ಪಿದೆಡೆಯಲ್ಲೆಲ್ಲ ನಾನೇ ಕೂತು ತಿದ್ದಿದೆ. ಹಾಗೆ ತಿದ್ದುತ್ತ, ತಂದೆಯವರು ಬದುಕಿದ್ದಾಗ ಓದದೆ ಉಳಿಸಿದ್ದ ಪುಟಗಳನ್ನೆಲ್ಲ ಅಕ್ಷರಕ್ಷರವಾಗಿ ಓದಿದೆ.

ಆ ಬಳಿಕ ಡೆಬಿಯನ್, ಫೆಡೋರಾ, ಮಿಂಟ್ ಎಂದು ಎಷ್ಟೋ ವ್ಯವಸ್ಥೆಗಳನ್ನು ಬದಲಿಸಿದ್ದೇನೆ. ಪ್ರತಿ ಬಾರಿಯೂ ಮೊದಲು ತೆರೆಯುವುದು ಅದೇ ಕಡತವನ್ನು. ಎಲ್ಲೆಡೆಯೂ ಅದು ಕನ್ನಡದಲ್ಲಿಯೇ ತೆರೆದುಕೊಳ್ಳುತ್ತಿದೆ.