ಮುಖಶೌಚವೂ ಸೌಮನಸ್ಯವೂ

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಹೊಂಗೆಯ ಅಥವಾ ಬೇವಿನ ಕಡ್ಡಿಯನ್ನು ಜಗಿದು ಹಲ್ಲುಜ್ಜುತ್ತಿದ್ದ ಹಿರಿಯರನ್ನು ಕಂಡವರು ಅನೇಕರುಂಟು. ಆ ಕಡ್ಡಿಯ ವಂಶಾವಳಿಯು ಬಹು ಪ್ರಾಚೀನವಾದುದು. ಚರಕಸಂಹಿತೆಯ ಸೂತ್ರಸ್ಥಾನವು ದಂತಧಾವನಕ್ಕೆ ತಕ್ಕ ವೃಕ್ಷಗಳಲ್ಲಿ ಮೊದಲು ಹೆಸರಿಸುವುದು ಕರಂಜವನ್ನು. ಕರಂಜವೆಂದರೆ ನಮ್ಮ ಹೊಂಗೆಯೇ. ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕೆಂಬ ವಿಧಿಯೂ ಅಲ್ಲಿಯೇ ಉಂಟು. ಸುಶ್ರುತನು ತುಟಿ, ವಸಡು, ಹಲ್ಲು, ನಾಲಗೆ ಮೊದಲಾದ ಏಳು ಸ್ಥಾನಗಳಲ್ಲಿ 65 ಮುಖರೋಗಗಳನ್ನು ಎಣಿಸಿರುವನು; ಕಡ್ಡಿಯು ಹನ್ನೆರಡು ಅಂಗುಲ ಉದ್ದವಿರಬೇಕೆಂದೂ, ಕಹಿಯಾದ ಮರಗಳಲ್ಲಿ ಬೇವೇ ಶ್ರೇಷ್ಠವೆಂದೂ ಹೇಳಿರುವನು.

ಗಮನಿಸಬೇಕಾದುದು ಅವನು ಹೇಳುವ ಫಲವನ್ನು. ದುರ್ಗಂಧವು ನೀಗುವುದು, ಅನ್ನದಲ್ಲಿ ರುಚಿ ಹುಟ್ಟುವುದು. ಇವುಗಳೊಡನೆ ಅವನು ಸೌಮನಸ್ಯವನ್ನೂ ಸೇರಿಸುತ್ತಾನೆ. ಸೌಮನಸ್ಯವೆಂದರೆ ಮನಸ್ಸಿನ ತಿಳಿಯಾದ ಸಂತೋಷ. ಬಾಯಿ ಶುದ್ಧವಾಗಿದೆಯೆಂದು ಬಲ್ಲವನು ಸಭೆಯಲ್ಲಿ ನಿಸ್ಸಂಕೋಚವಾಗಿ ಕುಳಿತು ಮಾತನಾಡುವನು. ಹುಳುಕು ಹಲ್ಲಿನವನಾದರೋ ನಗೆ ಬಂದಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುವನು. ಕ್ರಮೇಣ ನಗುವುದನ್ನೇ ಮರೆಯುವನು. 1994ರಲ್ಲಿ ಸ್ಲೇಡ್ ಮತ್ತು ಸ್ಪೆನ್ಸರ್ ಎಂಬ ವಿದ್ವಾಂಸರು ಬಾಯಿಯ ವ್ಯಾಧಿಯಿಂದಾಗುವ ಕ್ಲೇಶವನ್ನು ಅಳೆಯಲು 49 ಪ್ರಶ್ನೆಗಳನ್ನು ರಚಿಸಿದರು. ನೋವು, ಅಗಿಯುವ ಕಷ್ಟಗಳೊಡನೆ ಸಂಕೋಚ, ನಾಚಿಕೆ, ಮನಃಕ್ಲೇಶಗಳೂ ಅವುಗಳಲ್ಲಿ ಸೇರಿವೆ. ಸುಶ್ರುತನು ಒಂದು ಪದದಲ್ಲಿ ಸೂಚಿಸಿದುದನ್ನೇ ಇವರು ಲೆಕ್ಕಕ್ಕೆ ತಂದರು.

ಮುಖಕ್ಕೆ ಶೋಭೆ ತರುವ ಇನ್ನೊಂದು ಸಾಧನವು ತಾಂಬೂಲ. ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅದನ್ನು ರಾಜಭೋಗಗಳಲ್ಲಿ ಎಣಿಸಿರುವನು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಅದು ಮುಖಕ್ಕೆ ಕಳೆ ಕೊಟ್ಟು ಬಾಯಿಯ ದುರ್ವಾಸನೆಯನ್ನು ಕಳೆಯುವುದೆಂದು ಕೊಂಡಾಡಿದನು. ಕಾಲಾಂತರದಲ್ಲಿ ಹೊಗೆಸೊಪ್ಪು ಅದರೊಡನೆ ಸೇರಿತು. ಬರಿಯ ಅಡಕೆಯೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಅಡಕೆಯನ್ನು ಸದಾ ಜಗಿಯುವವರಲ್ಲಿ ಕೆಲವರ ಕೆನ್ನೆಯ ಒಳಪೊರೆಯು ಬಿಗಿದು, ಬಾಯಿ ತೆರೆಯುವುದೇ ದುಸ್ತರವಾಗುವುದು. ಅಂತಹವರು ಪಂಕ್ತಿಯಲ್ಲಿ ಕುಳಿತು ಉಣ್ಣಲು ಹಿಂಜರಿದು ಬಂಧುಗಳಿಂದ ದೂರವಾಗುವರು. ಆದರದಿಂದ ಕೊಟ್ಟ ವಸ್ತುವೇ ಮೊಗವನ್ನು ಮರೆಸುವಂತಾದುದು ವಿಷಾದಕರ.

ಮೈಸೂರು ಸೀಮೆಯಲ್ಲಿ ಕಡ್ಡಿಯ ಜೊತೆಗೆ ಇದ್ದಿಲು, ಬೂದಿ, ಉಪ್ಪುಗಳೂ ಬಳಕೆಯಲ್ಲಿದ್ದುವು. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ ಬಳಿಕ ಅಲ್ಲಿಯ ಹಲ್ಲುಪುಡಿಯು ಮನೆಮನೆಯ ಮಾತಾಯಿತು. 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಪ್ರಾರಂಭವಾಯಿತು.

ಸಾಧನಗಳು ಬದಲಾದರೂ ಪ್ರಯೋಜನವು ಒಂದೇ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯು ಕಡಲೆಯ ನಷ್ಟವನ್ನು ಮಾತ್ರ ಹೇಳುತ್ತದೆ. ಹಲ್ಲಿನೊಡನೆ ಹೋಗುವ ನಗೆಯು ಅದಕ್ಕಿಂತ ದೊಡ್ಡದು. ಆದುದರಿಂದ ಹಲ್ಲಿನ ದೋಷವುಳ್ಳ ಮಗುವನ್ನು ಹಾಸ್ಯಮಾಡದೆ, ವೇಳೆಯಲ್ಲಿ ವೈದ್ಯನ ಬಳಿಗೆ ಕರೆದೊಯ್ಯುವುದು ಗೃಹಸ್ಥರ ಧರ್ಮ. ಸುಶ್ರುತನು ಹೇಳಿದ ಸೌಮನಸ್ಯವು ಆ ಮಗುವಿಗೂ ಸಲ್ಲತಕ್ಕದ್ದು.