ಪುಲಿಗೆರೆಯ ಶಿಲೆಯೂ ಸತ್ಯಾಣುವ್ರತವೂ

ಇಂದಿನ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಆದಿಕವಿ ಪಂಪನು ಇಲ್ಲಿಯ ತಿರುಳ್ಗನ್ನಡವನ್ನು ಸ್ಮರಿಸಿದ್ದನ್ನು ಎಲ್ಲರೂ ಬಲ್ಲರು. ಶಂಖಬಸದಿಯ ಶಿಲೆಯ ವೃತ್ತಾಂತವನ್ನು ಬಲ್ಲವರು ವಿರಳ.

ಆಗ ಮಿರಜ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು 1878ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಒಂದೇ ಶಿಲೆಯಲ್ಲಿ ಗಂಗ ಮಾರಸಿಂಹನ ಕ್ರಿ.ಶ. 968ರ ದಾನವೂ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಕ್ರಿ.ಶ. 734ರ ದಾನವೂ ಇವೆ. ಬಾಹುಬಲಿ ಶ್ರೇಷ್ಠಿಯ ವಿಜ್ಞಾಪನೆಯಂತೆ ಅರಸನು ಧವಳ ಜಿನಾಲಯವನ್ನು ಜೀರ್ಣೋದ್ಧಾರಗೊಳಿಸಿ ಭೂಮಿಯನ್ನು ಬಿಟ್ಟನೆಂದು ಎರಡನೆಯದು ಹೇಳುತ್ತದೆ. ಆದರೆ ಅದರ ಲಿಪಿ ಎಂಟನೆಯ ಶತಮಾನದ್ದಲ್ಲ. ಹತ್ತನೆಯದು ಅಥವಾ ಅನಂತರದ್ದು! ಆದುದರಿಂದಲೇ ವಿದ್ವಾಂಸರು ಅದರ ಪ್ರಾಮಾಣ್ಯವನ್ನು ಸಂದೇಹಿಸಿದರು.

ತತ್ತ್ವಾರ್ಥಸೂತ್ರವು ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಪತ್ರ ಸೃಷ್ಟಿಸುವುದನ್ನು, ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಸವೆದ ಶಾಸನವನ್ನು ಮರಳಿ ಬರೆಯಿಸುವುದು ಕೂಟಲೇಖವಲ್ಲ. ಹಳೆಯ ಖಾತೆವಹಿಯ ಬಾಕಿಯನ್ನು ದೀಪಾವಳಿಯಂದು ಹೊಸ ವಹಿಗೆ ತರುವಂತೆಯೇ ಅದು. ಪುಲಿಗೆರೆಯವರು ಮಾಡಿದ್ದು ಬಹುಶಃ ಇಷ್ಟೇ. ಆದರೂ ಸ್ಮರಣಸಂಚಿಕೆಗಳಲ್ಲಿ 734 ಎಂಬ ಇಸವಿಯನ್ನು ಅಚ್ಚುಮಾಡಿ ಸಂದೇಹವನ್ನು ಮುಚ್ಚಿಡುವುದು ಶ್ರಾವಕರಿಗೆ ಸಲ್ಲದು.

1997ರಲ್ಲಿ ಗದಗ ಜಿಲ್ಲೆಯಾಯಿತು, ಊರುಗಳು ಬೆಳೆದವು. ಜೀರ್ಣೋದ್ಧಾರಕ್ಕೆ ಕೈಹಾಕುವ ಬಸದಿಗಳ ಟ್ರಸ್ಟುಗಳು ಸುಣ್ಣಬಣ್ಣಕ್ಕೆ ಮೊದಲು ಗೋಡೆ ಕಂಬಗಳ ಅಕ್ಷರಗಳ ಪಡಿಯಚ್ಚು ತೆಗೆಯಿಸಿ, ಒಂದು ಪ್ರತಿಯನ್ನು ಊರಿನ ವಾಚನಾಲಯದಲ್ಲಿಯೂ ಇಡಿಸಬೇಕು.